ಹಸಿ ನೋಡಿ ಬಂದ ಮಾತು

ಸೊರಟೂರಿನ ನಮ್ಮ ಮನೆಗೆ ಕಿಟಕಿಗಳಿರಲಿಲ್ಲ. ಮಣ್ಣಿನ ಮಾಳಿಗೆಯ ನಡುವೆ ಕೊಡದ ಬಾಯಿಯಷ್ಟು ಅಗಲದ ಒಂದು ಬೆಳಕಿಂಡಿ ಇತ್ತು, ಅಷ್ಟೇ. ಮಳೆ ಬಂದರೆ ಯಾರಾದರೂ ಏಣಿ ಹತ್ತಿ ಓಡಿಹೋಗಿ ಅದರ ಮೇಲೊಂದು ತಗಡು ಮುಚ್ಚಬೇಕು. ಉಳಿದ ದಿನಗಳಲ್ಲಿ ಅದರೊಳಗಿಂದ ಬಿಸಿಲು ಪಡಸಾಲೆಯ ನೆಲಕ್ಕೆ ರೊಟ್ಟಿಯಷ್ಟಗಲ ಬೀಳುತ್ತಿತ್ತು. ಬೇಸಿಗೆಯ ಮಧ್ಯಾಹ್ನ ಆ ಬಿಸಿಲು ನಡುಗಂಬದ ಬುಡದಲ್ಲಿ ನಿಲ್ಲುತ್ತಿತ್ತು. ಚಳಿ ಹತ್ತಿದ ಹಾಗೆ ದಿನಕ್ಕೊಂದು ಎಳೆಯಷ್ಟು ಸರಿದು ಸರಿದು, ಎಳ್ಳಮಾವಾಸ್ಯೆಯ ಹೊತ್ತಿಗೆ ಅಜ್ಜನ ಹಾಸಿಗೆಯ ತುದಿ ಮುಟ್ಟುತ್ತಿತ್ತು. ಅಜ್ಜನಿಗೆ ಅದು ಕಾಣುತ್ತಿರಲಿಲ್ಲ, ಪಾದಕ್ಕೆ ತಾಗುತ್ತಿತ್ತು. ತಾಗಿದ ದಿನ ಅವನು ಕಾಲನ್ನು ಅಲ್ಲಾಡಿಸದೆ ಬಹಳ ಹೊತ್ತು ಹಾಗೇ ಇಟ್ಟುಕೊಂಡು, ನೆಂಟರು ಬಂದು ಬಾಗಿಲಲ್ಲಿ ನಿಂತ ಖುಷಿಯಲ್ಲಿ ಹೇಳುತ್ತಿದ್ದ:

"ಕಾಲಿಗೆ ಬಿಸಲ ಬಂತು ನೋಡವಾ ನೀಲಿ. ಬಿಳಿಜ್ವಾಳ ತೆನಿ ಹಾಯ್ತಾವು ಇನ್ನ."

ಹೊಲಕ್ಕೆ ಹೋಗಿ ನೋಡಿದರೆ ಖರೆ, ತೆನೆ ಹಾಯಲು ಹತ್ತಿರುತ್ತಿದ್ದವು. ಈಗ ಬೆಟಗೇರಿಯಲ್ಲಿ ನಾನಿರುವ ಮನೆಗೆ ಆರು ಕಿಟಕಿಗಳಿವೆ. ಎಲ್ಲದಕ್ಕೂ ಪರದೆ ಬೇರೆ. ಯಾವ ಕಿಟಕಿಯಿಂದಲೂ ಯಾವ ಕಾಲವೂ ಒಳಗೆ ಬಂದದ್ದನ್ನು ನಾನು ಕಂಡಿಲ್ಲ. ಮಳೆ ಬರುವುದನ್ನು ಮೊಬೈಲು ಹೇಳುತ್ತದೆ, ನಾನು ಒಣಹಾಕಿದ ಸೀರೆ ತೆಗೆಯುತ್ತೇನೆ, ಅಲ್ಲಿಗೆ ಮುಗಿಯಿತು.

ಆ ಮನೆಯೊಳಗೆ ಕಾಲಿಟ್ಟರೆ ಮೊದಲು ಎತ್ತುಗಳು, ಆಮೇಲೆ ನಾವು. ಬಾಗಿಲ ಬಲಕ್ಕೆ ತಗ್ಗಿನಲ್ಲಿ ದನ ಕಟ್ಟುವ ಜಾಗ, ಎಡಕ್ಕೆ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ. ಅದರ ಹಿಂದೆ ನಡುಮನೆ, ಅದರ ಹಿಂದೆ ಹೊಗೆಯಿಂದ ಕಪ್ಪಾದ ಅಡಿಗೆಮನೆ. ನಾವು ಉಣ್ಣುವಾಗ ಎತ್ತುಗಳೂ ಮೆಲುಕು ಹಾಕುತ್ತಿದ್ದವು, ಅವುಗಳ ಕೊರಳ ಗಂಟೆಯಿಲ್ಲದೆ ನಮಗೆ ಉಂಡ ಹಾಗಾಗುತ್ತಿರಲಿಲ್ಲ. ಯಾವ ತಿಂಗಳು ನಡೆದಿದೆ ಎಂದು ತಿಳಿಯಲು ಕ್ಯಾಲೆಂಡರು ನೋಡುತ್ತಿದ್ದವಳು ಅವ್ವ ಒಬ್ಬಳೇ, ಅದೂ ಏಕಾದಶಿಗೆ. ನನಗೆ ಮೂಗು ಸಾಕಾಗಿತ್ತು. ಶೇಂಗಾ ಕಿತ್ತು ತಂದ ದಿನಗಳಲ್ಲಿ ಮನೆಗೆಲ್ಲ ಹಸಿಮಣ್ಣಿನ ವಾಸನೆ, ಹತ್ತಿ ಬಿಡಿಸುವ ದಿನಗಳಲ್ಲಿ ನಡುಮನೆಯ ತುಂಬ ಹತ್ತಿಯ ರಾಶಿ. ಅದರ ಮೇಲೆ ಬಿದ್ದು ಹೊರಳಿದರೆ ಬಿಸಿಲನ್ನೇ ಹಾಸಿಕೊಂಡ ಹಾಗಿರುತ್ತಿತ್ತು. ಬೇಸಿಗೆಯಲ್ಲಿ ಅವ್ವ ನುಚ್ಚಿಗೆ ಮಜ್ಜಿಗೆ ಕಲಸುತ್ತಿದ್ದಳು. ಮಳೆ ಹಿಡಿದರೆ ಪುಂಡಿಪಲ್ಲೆ, ಅದಕ್ಕೆ ಕುಟ್ಟಿದ ಹಸಿಖಾರ. ಚಳಿಗೆ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಮೇಲೆ ಬೆಣ್ಣೆ. ವರ್ಷವನ್ನು ನಾನು ತಿಂದು ಕಲಿತೆ ಎಂದರೂ ನಡೆದೀತು. ಆದರೆ ಅದನ್ನು ಹೇಳುವುದನ್ನು ಕಲಿಸಿದವನು ಅಜ್ಜ, ಅಪ್ಪನ ಅಪ್ಪ.

ನಾನು ಮೂರನೇ ಇಯತ್ತೆಗೆ ಬರುವ ಹೊತ್ತಿಗೆ ಅಜ್ಜನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಗದಗಿಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದು ಅಪ್ಪ ಹೇಳಿದಾಗಲೆಲ್ಲ, ಕಣ್ಣಿಗೆ ಕತ್ತರಿ ಹಾಕಿಸಿಕೊಳ್ಳುವ ಮೂರ್ಖ ನಾನಲ್ಲ ಎಂದು ಮುಖ ತಿರುಗಿಸಿಬಿಡುತ್ತಿದ್ದ. ಹಟ ನಮ್ಮ ಮನೆತನಕ್ಕೆ ಆಸ್ತಿಯ ಜೊತೆ ಬಂದದ್ದು. ಹೀಗಾಗಿ ಶಾಲೆಯಿಂದಲೋ ಹೊಲದಿಂದಲೋ ನಾನು ಒಳಗೆ ಕಾಲಿಟ್ಟ ತಕ್ಷಣ ಪಡಸಾಲೆಯಿಂದ ಅದೇ ಪ್ರಶ್ನೆ ಬರುತ್ತಿತ್ತು:

"ಏನ ನೋಡಿ ಬಂದಿ?"

"ಮಾಡ ಆಗೇತಿ."

"ಮಾಡ ಆಗೇತಿ ಅಂತ ಎತ್ತೂ ಹೇಳ್ತಾವು. ಎಂಥಾ ಮಾಡ? ಯಾವ ಕಡೆ? ಗುಡ್ಡದ ಮ್ಯಾಲಿಂದ ಎದ್ದೇತೋ, ಪಡುವಲದಿಂದ ಬಂದೇತೋ?"

ನಾನು ಮತ್ತೆ ಹೊರಗೆ ಓಡಬೇಕಾಗುತ್ತಿತ್ತು. ಮೂಡಲಕ್ಕೆ ಕಪ್ಪತಗುಡ್ಡದ ನೀಲಿ ಗೆರೆ, ಅದರ ಮೇಲೆ ಮೋಡ. ನೋಡಿ ಬಂದು ಹೇಳಿದರೆ ಇನ್ನೊಂದು ಪ್ರಶ್ನೆ. ಬಣ್ಣ ಎಂಥದು? ಸುಟ್ಟ ಬದನೆಕಾಯಿಯ ಹಾಗೋ, ಹಿಂಡಿದ ಅರಿವೆಯ ಹಾಗೋ? ಹೀಗೆ ಕೇಳಿ ಕೇಳಿ ಅವನು ನನ್ನನ್ನು ದಿನಕ್ಕೆ ನಾಲ್ಕು ಸಲ ಅಂಗಳಕ್ಕೆ ಅಟ್ಟುತ್ತಿದ್ದ. ಮೊದಮೊದಲು ಬೇಸರವಾಗುತ್ತಿತ್ತು. ಆಮೇಲೆ ಅವನು ಕೇಳುವ ಮುಂಚೆಯೇ ನೋಡತೊಡಗಿದೆ. ಮಿರಗದ ಮಳೆ ಬಿದ್ದ ಮರುದಿನ ಎರೆಹೊಲದ ತುಂಬ ಕೆಂಪು ಮಖಮಲ್ಲಿನ ಹುಳಗಳು ಹರಿದಾಡುವುದನ್ನು ನೋಡಿ, ಯಾರೋ ಹೊಲದ ಹಣೆಗೆ ಕುಂಕುಮ ಹಚ್ಚಲು ಹೋಗಿ ಬಟ್ಟಲು ಚೆಲ್ಲಿಕೊಂಡಿದ್ದಾರೆ ಎಂದು ಹೇಳಿದೆ. ಆಷಾಢದ ಗಾಳಿ ಬೇವಿನ ಗಿಡವನ್ನು ಜಡೆ ಹಿಡಿದು ಎಳೆಯುತ್ತದೆ ಎಂದೆ. ಬೇಸಿಗೆಯಲ್ಲಿ ಎರೆನೆಲ ಬಾಯಿ ಬಿಡುತ್ತದಲ್ಲ, ಆ ಬಿರುಕಿನಲ್ಲಿ ನನ್ನ ಕೈ ಮೊಣಕೈತನಕ ಇಳಿಯಿತು, ಒಳಗೆ ತಣ್ಣಗಿತ್ತು, ನೆಲದ ಒಳಗೆ ಇನ್ನೂ ಹೋದ ವರ್ಷದ ಚಳಿಗಾಲ ಕುಳಿತಿದೆ ಎಂದೆ. ಅಜ್ಜ ಗೋಡೆಗೆ ತಲೆ ಆನಿಸಿ, ಬೆಳ್ಳಗಾದ ಕಣ್ಣುಗಳನ್ನು ಮಾಳಿಗೆಯ ಕಡೆ ತಿರುಗಿಸಿ ಇದೆಲ್ಲ ಕೇಳುತ್ತಿದ್ದ. ನನ್ನ ಮಾತು ಅವನೊಳಗೆ ಇಳಿದು ಅಲ್ಲಿ ಹೊಲವಾಗುವುದು ನನಗೆ ಅವನ ಮುಖದ ಮೇಲೆ ಕಾಣುತ್ತಿತ್ತು. ಅಂಥ ಸುಖ ನನಗೆ ಆಮೇಲೆ ನಾನು ಮಾತಾಡಿದ ಯಾವ ಸಭೆಯಲ್ಲೂ ಸಿಕ್ಕಿಲ್ಲ.

ಆಯಿಗೆ, ಎಂದರೆ ಅಜ್ಜನ ಹೆಂಡತಿಗೆ, ಇದೆಲ್ಲ ನಗೆ. ರೊಟ್ಟಿ ತಟ್ಟುತ್ತಲೇ ಒಳಗಿಂದ ಕೂಗಿ ಹೇಳುತ್ತಿದ್ದಳು:

"ಬಾಯಿ ಇದ್ದಾಕಿ ಬರಗಾಲದಾಗೂ ಬದುಕ್ತಾಳ. ಕೊಟ್ಟ ಮನ್ಯಾಗ ಮಾತ ಬೇಯಿಸಿ ಹಾಕ್ತಾಳೋ ಏನೋ."

ಮಾತು ಬೇಯಿಸುವುದು ನನಗೆ ಸ್ವಲ್ಪ ಹೆಚ್ಚೇ ರೂಢಿಯಾಯಿತು. ಒಮ್ಮೆ ಶ್ರಾವಣದಲ್ಲಿ ಕೆರೆಯ ಮೇಲೆ ಬೆಳ್ಳಕ್ಕಿಗಳ ಸಾಲು ಹಾದುಹೋಯಿತು, ಆಕಾಶಕ್ಕೆ ಹೊಲಿಗೆ ಹಾಕಿದ ಹಾಗಿತ್ತು ಎಂದು ಹೇಳಿದೆ. ಅಂದು ಬೆಳ್ಳಕ್ಕಿ ಬಂದಿರಲಿಲ್ಲ. ಹೊಲಿಗೆಯ ಮಾತು ದಾರಿಯಲ್ಲಿ ಹೊಳೆದಿತ್ತು, ಅದಕ್ಕೆ ಬೆಳ್ಳಕ್ಕಿ ಬೇಕಾಗಿತ್ತು, ತಂದುಕೊಂಡೆ. ಅಜ್ಜ ಸಂಜೆಯ ತನಕ ಆ ಮಾತನ್ನು ನೆನೆದು ನಕ್ಕ. ಯಾರಿಗೂ ಏನೂ ನಷ್ಟವಾಗಲಿಲ್ಲ. ನನಗೂ ಅದು ಸುಳ್ಳು ಎನ್ನಿಸಲಿಲ್ಲ. ನಾಳೆ ಬರುವ ಬೆಳ್ಳಕ್ಕಿಯನ್ನು ಒಂದು ದಿನ ಮೊದಲೇ ಹೇಳಿದ್ದೇನೆ ಎಂದುಕೊಂಡೆ.

ಇನ್ನು ನಮ್ಮ ಮನೆಯ ಒಂದು ಕಟ್ಟಳೆ ಹೇಳಬೇಕು. ಬಿತ್ತುವ ದಿನವನ್ನು ಹೇಳುವ ಮಾತು ಅಜ್ಜನದು. ಅಪ್ಪನಿಗೆ ಆಗ ನಲವತ್ತು ದಾಟಿತ್ತು. ನೇಗಿಲು, ಕೂರಿಗೆ, ಆಳು, ಸಂತೆ ಎಲ್ಲ ಅವನದೇ. ಆದರೆ "ನಾಳೆ ಹೂಡು" ಎಂಬ ಎರಡು ಮಾತು ಮಾತ್ರ ಅಜ್ಜನ ಬಾಯಿಂದ ಬರಬೇಕು. ಓಣಿಯ ನಾಲ್ಕು ಮನೆಯವರೂ ನಮ್ಮ ಕಟ್ಟೆಗೆ ಬಂದು ಕುಳಿತು, ಯಾವಾಗ ಬಿತ್ತಲಿ ಎಂದು ಅಜ್ಜನನ್ನು ಕೇಳಿಯೇ ಹೋಗುತ್ತಿದ್ದರು. ಕಣ್ಣು ಹೋದ ಮೇಲೆ ಅವನಿಗೆ ಉಳಿದದ್ದು ಅದೊಂದೇ. ಅದನ್ನು ಹೇಳುವ ಮೊದಲು ಅವನು ಹೊಲದ ಹಸಿ ನೋಡುತ್ತಿದ್ದ. ಹಿಂಗಾರಿ ಜೋಳಕ್ಕೆ ಮೇಲೆ ಬಿದ್ದ ಮಳೆಯ ಹಸಿ ಇಳಿದು ಇಳಿದು, ಕೆಳಗೆ ಮೊದಲಿನಿಂದ ಉಳಿದ ಹಳೆಯ ಹಸಿಯನ್ನು ಮುಟ್ಟಬೇಕು. ಇದಕ್ಕೆ ನಮ್ಮಲ್ಲಿ ಹಸಿಗೆ ಹಸಿ ಕೂಡುವುದು ಎನ್ನುತ್ತಾರೆ. ಕೂಡದಿದ್ದರೆ ನಡುವೆ ಒಣಮಣ್ಣು ಉಳಿಯುತ್ತದೆ. ಬೀಜ ಮೇಲಿನ ಹಸಿಯನ್ನು ನಂಬಿ ಮೊಳೆಯುತ್ತದೆ, ಬೇರು ಕೆಳಗಿಳಿದು ಒಣಮಣ್ಣಿಗೆ ತಾಗುತ್ತದೆ, ಅಲ್ಲಿಗೆ ಅದರ ಕತೆ ಮುಗಿಯಿತು. ಮೇಲೆ ನಿಂತು ನೋಡಿದರೆ ಇದೇನೂ ಕಾಣುವುದಿಲ್ಲ. ಹೊಲದ ನಾಲ್ಕು ಮೂಲೆ, ನಡುವೆ ಒಂದು, ಹೀಗೆ ಐದು ಕಡೆ ಕುರ್ಪಿಯಿಂದ ಅಗೆದು, ಕೈ ಹಾಕಿ ಮುಟ್ಟಿ ನೋಡಬೇಕು. ಊರ ಮುಂದಿನ ಹೊಲವನ್ನು ಅಪ್ಪ ನೋಡಿ ಬರುತ್ತಿದ್ದ. ಗುಡ್ಡದ ಕಡೆಯ ಹೊಲ ಅಜ್ಜ ತನ್ನ ಕೈಯಾರೆ ಕಲ್ಲು ಆರಿಸಿ ಮಾಡಿದ್ದು. ಅದರ ಹಸಿ ನೋಡುವ ಕೆಲಸವನ್ನು ಅವನು ಮಗನಿಗೆ ಬಿಡದೆ ನನಗೆ ಒಪ್ಪಿಸಿದ್ದ. ಮೊದಲ ವರ್ಷ ನಾನು ಐದೂ ಕಡೆ ಅಗೆದು, ಮಣ್ಣು ಮೆತ್ತಿದ ಕೈಯನ್ನು ತಂದು ಅವನ ಮೂಗಿಗೆ ಹಿಡಿದಿದ್ದೆ.

ಮರುವರ್ಷ ಮಗಿ ಮಳೆ ಚೆನ್ನಾಗಿ ಆಗಿ, ಹುಬ್ಬಿ ಮಳೆ ಕೈಕೊಟ್ಟು, ಉತ್ರಿ ಮಳೆ ಕೊನೆಯ ಎರಡು ದಿನ ಬಂತು. ಹಸ್ತ ನಕ್ಷತ್ರ ಹುಟ್ಟಿದ ದಿನ ಬೆಳಿಗ್ಗೆ ಅಜ್ಜ ನನ್ನ ಕೈಗೆ ಕುರ್ಪಿ ಕೊಟ್ಟ. ಅಪ್ಪ ಶಿರಹಟ್ಟಿಗೆ ಅತ್ತೆಯ ಮನೆಗೆ ಹೋದವನು ಸಂಜೆಗೆ ಬರುವವನಿದ್ದ. ನಾನೊಬ್ಬಳೇ ಹೊರಟೆ. ಆ ಮುಂಜಾವನ್ನು ಈಗಲೂ ಕಣ್ಣು ಮುಚ್ಚಿದರೆ ಹಾಗೇ ನಡೆದುಕೊಂಡು ಹೋಗಬಲ್ಲೆ. ದಾರಿಯ ಎರಡೂ ಕಡೆ ಎಳ್ಳು ಹೂಬಿಟ್ಟಿತ್ತು. ತೊಳೆದಿಟ್ಟ ಆಕಾಶ. ತಂಗಡಿಯ ಹಳದಿ ಹೂವಿನ ಮೇಲೆ ನೀರಿನ ಹನಿ, ಹನಿಯೊಳಗೆ ಇನ್ನೊಂದು ಹಳದಿ. ಗುಡ್ಡ ಎಷ್ಟು ಹತ್ತಿರ ಬಂದಿತ್ತೆಂದರೆ ಅದರ ಮೇಲಿನ ಹುಲ್ಲು ಬಾಗುವುದು ಕಾಣುತ್ತಿತ್ತು. ಹೊಲ ತಲುಪಿದಾಗ ಕಪ್ಪು ಮಣ್ಣು ಎಣ್ಣೆ ಹಚ್ಚಿದ ತಲೆಯ ಹಾಗೆ ಮಿರಮಿರ ಮಿಂಚುತ್ತಿತ್ತು. ಬದುವಿನಿಂದ ಬದುವಿನ ತನಕ ಸದ್ದಿಲ್ಲ. ಸಣ್ಣಗೆ ಉಗಿ ಏಳುತ್ತಿತ್ತು. ನಾನು ಬನ್ನಿಗಿಡದ ಕೆಳಗೆ ಕುಳಿತೆ. ಕುಳಿತವಳಿಗೆ ಮಾತು ಹೊಳೆಯಿತು. ನೆಲ ಉಂಡು ಮಲಗಿದೆ. ಹೊಟ್ಟೆತುಂಬ ಉಂಡು, ಸೆರಗು ಹೊದ್ದು ಮಲಗಿದೆ. ಇದನ್ನು ಹೇಗೆ ಹೇಳಲಿ, ಎಲ್ಲಿ ನಿಲ್ಲಿಸಲಿ, ಯಾವುದನ್ನು ಮೊದಲು ಹೇಳಲಿ ಎಂದು ಬಾಯೊಳಗೆ ಹೊರಳಿಸುತ್ತ ಕುಳಿತೆ. ಬಿಸಿಲು ಏರಿತು. ಮಲಗಿದವಳನ್ನು ಕುರ್ಪಿಯಿಂದ ತಿವಿಯಬೇಕೆ ಎಂದು ಕೂಡ ಅನ್ನಿಸಿತೆಂದು ಕಾಣುತ್ತದೆ. ಇಲ್ಲ, ಅದು ಈಗ ನಾನು ಕೊಡುತ್ತಿರುವ ನೆಪ. ಖರೆ ಹೇಳಬೇಕೆಂದರೆ ಮಾತು ಮರೆತುಹೋದೀತೆಂಬ ಹೆದರಿಕೆಯಲ್ಲಿ ನಾನು ಅಗೆಯುವುದನ್ನೇ ಮರೆತು ಮನೆಗೆ ಓಡಿದೆ. ದಾರಿಯಲ್ಲಿ ಹಳ್ಳದ ನೀರಿನಲ್ಲಿ ಕುರ್ಪಿ ತೊಳೆದೆ. ತೊಳೆಯುವಂಥದ್ದು ಅದಕ್ಕೇನೂ ಅಂಟಿರಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಪ್ಪ ಬಂದು, ಕೈಕಾಲು ತೊಳೆದು, ಅಜ್ಜನ ಎದುರಿಗೆ ಊಟಕ್ಕೆ ಕುಳಿತ. ಅವ್ವ ರೊಟ್ಟಿ ಹಾಕಿದಳು.

"ಗುಡ್ಡದ ಹೊಲ ಹೆಂಗೈತಿ?" ಅಪ್ಪ ಕೇಳಿದ.

"ನೀಲಿ ನೋಡಿ ಬಂದಾಳ. ಹೇಳವಾ," ಎಂದ ಅಜ್ಜ.

ನಾನು ಕಂಬ ಹಿಡಿದು ನಿಂತು ಹೇಳಿದೆ:

"ನೆಲ ಹೊಟ್ಟಿತುಂಬ ಉಂಡು, ಸೆರಗ ಹೊತ್ಕೊಂಡು ಮಲಗೇತಿ ಅಜ್ಜಾ. ಉಸರ ಬಿಡೂದು ಕಾಣತೈತಿ."

ಅಜ್ಜನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವನ ಮುಖದ ಮೇಲೆ ನಿಧಾನವಾಗಿ ಆ ಹೊಲ ಹರಡಿಕೊಂಡಿತು. ಅಪ್ಪ ಮಾತ್ರ ಚಟ್ನಿ ಕಲಸುತ್ತಲೇ ಇದ್ದ.

"ಅದಿರ್ಲಿ. ಹಸಿಗೆ ಹಸಿ ಕೂಡೈತೇನು?"

"ಕೂಡೈತಿ."

"ಅಗದ ನೋಡಿದೇನು?"

ನಾನು ಅಜ್ಜನ ಮುಖ ನೋಡಿದೆ. ಅಲ್ಲಿ ಇನ್ನೂ ಹೊಲ ಹಾಗೇ ಇತ್ತು. ಅದನ್ನು ಅಳಿಸಲು ನನಗೆ ಮನಸ್ಸಾಗಲಿಲ್ಲ.

"ಹೂಂ."

"ಆದ್ರೂ ನಾಳೆ ನಾ ಒಮ್ಮಿ ಹೋಗಿ ನೋಡಿ ಬರ್ತೀನಿ. ನಾಡದ ಬಿತ್ತೂಣು," ಎಂದ ಅಪ್ಪ. ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವನು ಇರುವುದೇ ಹಾಗೆ, ಹಗ್ಗ ಗಟ್ಟಿಯಿದ್ದರೂ ಎರಡು ಸಲ ಜಗ್ಗಿ ನೋಡುವವನು. ಆದರೆ ಅಜ್ಜ ತುತ್ತನ್ನು ಗಂಗಾಳದಲ್ಲಿ ಇಟ್ಟುಬಿಟ್ಟ.

"ನನ್ನ ಕಣ್ಣ ಹೋಗ್ಯಾವು, ಮಾತ ಹೋಗಿಲ್ಲ. ಆಕಿ ನೋಡ್ಯಾಳಂದ್ರ ನಾ ನೋಡಿದಂಗ. ನಾಳೆ ಹೂಡು."

ಮರುದಿನ ಕೂರಿಗೆಗೆ ಪೂಜೆ ಮಾಡಿ ಹೂಡಿದರು. ಅವ್ವ ಉಡಿಯಲ್ಲಿ ಬೀಜ ಕಟ್ಟಿಕೊಂಡು ಕೂರಿಗೆಯ ಬಟ್ಟಲಿಗೆ ಬಿಡುತ್ತ ಹಿಂದೆ ನಡೆದಳು. ಕೂರಿಗೆಯ ತುದಿಗೆ ಹಸಿಮಣ್ಣೇ ಹತ್ತುತ್ತಿತ್ತು, ಅಪ್ಪನೂ ಸಮಾಧಾನದಿಂದಲೇ ಇದ್ದ. ಐದಾರು ದಿನಕ್ಕೆ ಸಾಲು ಸಾಲಾಗಿ ಹಸಿರು ಎದ್ದಿತು. ನಾನು ಅಜ್ಜನಿಗೆ ಅದನ್ನೂ ಹೇಳಿದೆ, ಏನೇನೋ ಕಟ್ಟಿ ಹೇಳಿದೆ. ಹಸ್ತದ ಮಳೆ ಒಂದು ಹನಿ ಬೀಳಲಿಲ್ಲ. ಎತ್ತಿನ ಒಂದು ಕೊಂಬು ತೋಯಿಸಿ ಇನ್ನೊಂದು ಬಿಟ್ಟುಹೋಗುವ ಮಳೆ ಅದು. ಹೊಂಬಳದ ಕಡೆ ಸುರಿಯಿತೆಂದು ಬಸ್ಸಿನಲ್ಲಿ ಬಂದವರು ಹೇಳಿದರು. ನಮ್ಮ ಮುಂದಿನ ಹೊಲದ ಸಸಿ ಕೆಳಗಿನ ಹಸಿ ಹಿಡಿದು ಗಟ್ಟಿಯಾಗಿ ನಿಂತಿತ್ತು.

ಹನ್ನೆರಡನೆಯ ದಿನ ಅಪ್ಪ ಗುಡ್ಡದ ಹೊಲದಿಂದ ಬಂದವನು ಕಾಲು ತೊಳೆಯಲಿಲ್ಲ, ಊಟಕ್ಕೆ ಕೂರಲಿಲ್ಲ. ಟವೆಲಿನ ಗಂಟು ಬಿಚ್ಚಿ ಅಜ್ಜನ ಮುಂದೆ ಒಂದು ಹೆಂಟೆ ಮಣ್ಣು, ಒಂದು ಹಿಡಿ ಸಸಿ ಇಟ್ಟ. ಸಸಿ ಹಳದಿ ತಿರುಗಿತ್ತು. ತಂಗಡಿ ಹೂವಿನ ಪಕ್ಕ ನಡೆದುಹೋದ ಆ ಮುಂಜಾವಿನಲ್ಲಿ ನಾನು ಎಷ್ಟು ಹಳದಿ ನೋಡಿದ್ದೆ, ಇಂಥ ಹಳದಿ ನೋಡಿರಲಿಲ್ಲ.

"ಮುಟ್ಟಿ ನೋಡಪಾ. ನಾಕ ಬೆರಳ ಹಸಿ ಇತ್ತು. ಅದರ ಕೆಳಗ ಒಂದ ಗೇಣ ಒಣಾ."

ಅಜ್ಜ ಹೆಂಟೆಯನ್ನು ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒತ್ತಿದ. ಅದು ಪುಡಿಯಾಗಿ ಬೆರಳ ಸಂದಿಯಿಂದ ಉದುರಿತು. ಅವನ ಮುಖ ನನ್ನ ಕಡೆ ತಿರುಗಿತು. ಕಾಣದ ಕಣ್ಣುಗಳು ಸರಿಯಾಗಿ ನಾನು ನಿಂತ ಕಂಬದ ಮೇಲೇ ಬಂದು ನಿಂತವು. ಆಮೇಲೆ ಅವನು ಮುಖ ತಿರುಗಿಸಿಕೊಂಡ.

"ನಾನ ಅವಸರ ಮಾಡಿದೆ. ಹುಡುಗಿ ಹೇಳಿದ್ದು ನಾನ ತಪ್ಪ ತಿಳ್ಕೊಂಡೆ. ಇನ್ನ ಮ್ಯಾಲೆ ಬಿತ್ತೂ ಮಾತು ನೀ ಹೇಳು, ನನ್ನ ಕೇಳಬ್ಯಾಡ."

ಒಳಗೆ ಆಯಿ ಯಾರಿಗೂ ಅಲ್ಲದ ಹಾಗೆ, "ಮಾತ ಆಡಿದ್ರ ಹೋತು, ಮುತ್ತ ಒಡದ್ರ ಹೋತು," ಎಂದಳು. ನಾನು ಬಾಯಿ ಬಿಡಲಿಲ್ಲ. ನನ್ನ ಬಾಯಿ, ಬರಗಾಲದಲ್ಲೂ ಬದುಕುವ ಬಾಯಿ, ಅಂದು ಬಿಡಲಿಲ್ಲ.

ಮುಂದಿನ ದಿನಗಳಲ್ಲಿ ಮನೆ ಹೊರಗಿನಿಂದ ನೋಡಿದರೆ ಮೊದಲಿನ ಹಾಗೇ ಇತ್ತು. ರೊಟ್ಟಿ ಬಡಿಯುವ ಸದ್ದು, ಎತ್ತಿನ ಗಂಟೆ, ಸೆಗಣಿ ಸಾರಿಸಿದ ಅಂಗಳ. ಆದರೆ ಅಜ್ಜ ತನ್ನ ಹಾಸಿಗೆಯನ್ನು ಪಡಸಾಲೆಯಿಂದ ತೆಗೆಸಿ, ಎತ್ತಿನ ಗೋದಲಿಯ ಪಕ್ಕದ ಕತ್ತಲ ಮೂಲೆಗೆ ಹಾಕಿಸಿಕೊಂಡ. ಓಣಿಯವರು ಕಡಲೆ ಬಿತ್ತುವ ಮಾತು ಕೇಳಲು ಬಂದರೆ, "ನನ್ನೇನ ಕೇಳ್ತೀರಿ, ಅಂವ ಅದಾನಲ್ಲ," ಎಂದುಬಿಡುತ್ತಿದ್ದ. ಅಪ್ಪ ಕಟ್ಟೆಯ ಮೇಲೆ ಕುಳಿತು, ನೋಡೋಣ ಎಂದು ಗೊಣಗುತ್ತಿದ್ದ. ಅವನಿಗೆ ಆ ಜಾಗ ಬೇಕಿತ್ತೋ ಏನೋ, ಹೀಗೆ ಬೇಕಿರಲಿಲ್ಲ. ಬನ್ನಿ ಹಬ್ಬದಂದು ಬನ್ನಿ ಎಲೆ ಕೊಟ್ಟು ಅಜ್ಜನ ಕಾಲಿಗೆ ಬಿದ್ದ. ಅಜ್ಜ ತಲೆ ಮುಟ್ಟಿ ಹರಸಿದ. ಎಲ್ಲಕ್ಕಿಂತ ಹೆಚ್ಚು ನನಗೆ ತಡೆಯಲಾಗದೆ ಹೋದದ್ದು ಬೇರೆ. ಅಜ್ಜ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವನು ಬೈಯಲೂ ಇಲ್ಲ. ಶಾಲೆಯಿಂದ ಬಂದು ಬೇಕೆಂದೇ ಕಾಲು ಅಪ್ಪಳಿಸಿ ಒಳಗೆ ಬರುತ್ತಿದ್ದೆ. ಪಡಸಾಲೆ ಸುಮ್ಮನಿರುತ್ತಿತ್ತು. ಆ ವಾರ ನಿಜವಾಗಿಯೂ ಬೆಳ್ಳಕ್ಕಿಗಳು ಬಂದವು. ಸಂಜೆಯ ಕೆಂಪಿನಲ್ಲಿ ಉದ್ದಕ್ಕೂ ಸಾಲಾಗಿ, ಒಂದರ ಹಿಂದೊಂದು, ಮುಂಡರಗಿಯ ಕಡೆ ಹೊಳೆಯ ದಿಕ್ಕಿಗೆ ಹೋದವು. ನಾನು ಅಂಗಳದಲ್ಲಿ ನಿಂತು ನೋಡಿದೆ. ಅಷ್ಟು ಚೆಂದವನ್ನು ಯಾರಿಗೆ ಹೇಳುವುದೆಂದು ತಿಳಿಯದೆ ಹಿತ್ತಲಿಗೆ ಹೋಗಿ ಅತ್ತೆ. ಹೇಳಿಕೊಳ್ಳಲು ಒಬ್ಬರಿಲ್ಲದಿದ್ದರೆ ಹಕ್ಕಿ, ಮೋಡ, ಹೂವು ಇವೆಲ್ಲ ಎದೆಯ ಮೇಲಿನ ಭಾರವಾಗುತ್ತವೆ ಎಂದು ಹತ್ತನೆಯ ವಯಸ್ಸಿಗೇ ಗೊತ್ತಾಯಿತು.

ಶೀಗಿ ಹುಣ್ಣಿಮೆ ಬಂತು. ಹೊಲದಲ್ಲಿ ಪೈರು ನಿಂತಿರುವ ಈ ದಿನಗಳಲ್ಲಿ ಭೂಮಿತಾಯಿ ಬಸುರಿ ಎಂದು ನಮ್ಮ ಕಡೆ ನಂಬಿಕೆ. ಬಸುರಿಗೆ ಬಯಕೆಯ ಊಟ ಕೊಡಬೇಕು. ಅವ್ವ, ಆಯಿ ಕೋಳಿ ಕೂಗುವ ಮುಂಚೆ ಎದ್ದು ಕಡಬು, ಹೋಳಿಗೆ, ಸಜ್ಜಿರೊಟ್ಟಿ, ಎಣ್ಣೆ ಬದನೆಕಾಯಿ, ಮೊಸರನ್ನ ಎಲ್ಲ ಮಾಡಿ ಬುಟ್ಟಿ ತುಂಬಿದರು. ಅಪ್ಪ ಚಕ್ಕಡಿ ಹೂಡಿದ. ಊಟ ಒಯ್ಯುವುದು ವರ್ಷವೂ ಗುಡ್ಡದ ಹೊಲಕ್ಕೇ, ಅಲ್ಲಿಯ ಬನ್ನಿಗಿಡದ ಬುಡದಲ್ಲೇ ನಮ್ಮ ಪೂಜೆ. ಅಜ್ಜ ಮೂಲೆ ಬಿಟ್ಟು ಏಳಲಿಲ್ಲ.

"ಬಸರಾಗದ ನೆಲಕ್ಕ ಏನ ಬಯಕಿ? ನೀವ ಹೋಗಿ ಬರ್ರಿ."

"ನೆಲಕ್ಕ ಒಂದ ಹೆರಿಗೇನ್ರಿ? ಈ ಸಲ ಇಲ್ಲಂದ್ರ ಮುಂದಿನ ಸಲ. ಏಳ್ರಿ, ಚಕ್ಕಡಿ ನಿಂತೈತಿ," ಎಂದಳು ಆಯಿ. ಅವನು ಗೋಡೆಯ ಕಡೆ ಹೊರಳಿದ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಹೋದಳು. ಆಯಿ ಕಣ್ಣು ಒರೆಸಿಕೊಂಡದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಹೊಸ ಪರಕಾರ ಉಟ್ಟಿದ್ದ ನಾನು ಗೋದಲಿಯ ಪಕ್ಕ ಹೋಗಿ ಕುಳಿತೆ. ಎತ್ತುಗಳಿಲ್ಲದೆ ಆ ಜಾಗ ಬಿಕೋ ಎನ್ನುತ್ತಿತ್ತು.

"ಅಜ್ಜಾ, ನಾ ಅಗದಿದ್ದಿಲ್ಲ."

"ಗೊತ್ತೈತಿ."

"ಯಾವಾಗ ಗೊತ್ತಾತು?"

"ಹೋದ ವರ್ಷ ಕೈಯಾಗಿನ ಮಣ್ಣು ತಂದ ಮೂಗಿಗೆ ಹಿಡಿದಿದ್ದಿ. ಈ ವರ್ಷ ಬರೇ ಮಾತ ತಂದಿದ್ದಿ. ಅಂದ ನನಗ ತಿಳೀಬೇಕಿತ್ತು, ತಿಳೀಲಿಲ್ಲ. ಹೆಂಟಿ ಮುಟ್ಟಿದಾಗ ತಿಳೀತು."

"ಮತ್ತ ಅಪ್ಪಗ ಯಾಕ ಹೇಳ್ಲಿಲ್ಲ?"

"ಅದು ನಾ ಹೇಳೂ ಮಾತಲ್ಲ."

ಅಷ್ಟು ಹೇಳಿ ಅವನು ಕೈ ಚಾಚಿದ. ನಾನು ಹಿಡಿದು ಎಬ್ಬಿಸಿದೆ. ಚಕ್ಕಡಿಯಲ್ಲಿ ಆಯಿಯ ಪಕ್ಕ ಕುಳಿತು ಹೋಗುವಾಗ ದಾರಿಯ ಉದ್ದಕ್ಕೂ ಯಾರ್ಯಾರದೋ ಹೊಲಗಳಲ್ಲಿ ಬಣ್ಣಬಣ್ಣದ ಸೀರೆಗಳು, ಊಟದ ಗದ್ದಲ. ನಾನು ಯಾವುದನ್ನೂ ಯಾವುದಕ್ಕೂ ಹೋಲಿಸಲಿಲ್ಲ. ಬನ್ನಿಗಿಡದ ಕೆಳಗೆ ಅವ್ವ ಐದು ಕಲ್ಲು ತೊಳೆದು, ಸುಣ್ಣ ಹಚ್ಚಿ, ಎಡೆ ಹಿಡಿದಳು. ಅಪ್ಪ ಚರಗದ ಬುಟ್ಟಿ ಹಿಡಿದು ಹೊಲದ ಸುತ್ತ ಎಡೆಯ ಅನ್ನ ಚೆಲ್ಲುತ್ತ ಬಂದ. ಎಲೆ ಹಾಕಿ ಎಲ್ಲರೂ ಕುಳಿತರು. ಅಪ್ಪ ಮೊದಲ ತುತ್ತು ಎತ್ತುವ ಮುಂಚೆ ನಾನು ಎದ್ದು ನಿಂತೆ.

"ಅಪ್ಪಾ, ಅಜ್ಜಂದ ತಪ್ಪಲ್ಲ. ನಾ ಅವತ್ತ ಅಗದ ನೋಡಿದ್ದಿಲ್ಲ. ಅಗದೇನಿ ಅಂತ ಸುಳ್ಳ ಹೇಳಿದೆ."

ಅವ್ವ "ಅಯ್ಯ ಶಿವನ" ಎಂದು ಬಾಯಿಗೆ ಸೆರಗು ಹಚ್ಚಿದಳು. ಅಪ್ಪ ಏಳುತ್ತಾನೆ, ಎರಡು ಬಿಗಿಯುತ್ತಾನೆ ಎಂದು ನಾನು ಕಣ್ಣು ಮುಚ್ಚಿದೆ. ಏನೂ ಬೀಳಲಿಲ್ಲ. ಕಣ್ಣು ತೆರೆದರೆ ಅವನು ನನ್ನನ್ನಲ್ಲ, ಅಜ್ಜನನ್ನು ನೋಡುತ್ತಿದ್ದ. ಎಂಟು ಹತ್ತು ದಿನ ಯಾರ ಮೇಲೆ ಸಿಟ್ಟಾಗಿದ್ದೆ, ಎಷ್ಟು ಸಿಟ್ಟಾಗಿದ್ದೆ ಎಂದು ಲೆಕ್ಕ ಹಾಕುವವನ ಹಾಗೆ ಅವನ ಮುಖ ಸಣ್ಣದಾಗಿತ್ತು. ಅಜ್ಜ ಎಲೆಯ ಮುಂದೆ ನೆಟ್ಟಗೆ ಕುಳಿತು ಗಾಳಿ ಬರುವ ಕಡೆ ಮುಖ ಮಾಡಿದ್ದ.

"ನೀಲಿ, ಹೊಲ ಹೆಂಗೈತಿ ಹೇಳು," ಎಂದ.

ನಾನು ನೋಡಿದೆ. ಮಾತು ಕಟ್ಟಲು ಬಾಯಿಗೆ ಏನೂ ಬರಲಿಲ್ಲ. ಕಂಡದ್ದನ್ನು ಹೇಳಿದೆ.

"ಮೂಡಲ ಬದುವಿನ ಗುಂಟ ಆರು ಸಾಲು ಹಸರ ಅದಾವು, ಅಲ್ಲಿ ತಗ್ಗ ಐತಿ. ಬನ್ನಿಗಿಡದಿಂದ ಹಳ್ಳದ ತನಕ ಏನೂ ಇಲ್ಲ. ಸಸಿ ಒಣಗಿ ನೆಲಕ್ಕ ಹತ್ಯಾವು. ಸಾಲ ಮಾತ್ರ ಕಾಣತಾವು. ಹಳ್ಳದ ಬಾಜೂ ಎರಡ ಮೂರ ಸಸಿ ನಿಂತಾವು, ಮೊಣಕಾಲಿಗೂ ಬರೂದಿಲ್ಲ. ಒಂದರ ಮ್ಯಾಲೆ ಕರೀ ಇರುವಿ ಹತ್ತೇತಿ."

ಅಜ್ಜನ ಮುಖದ ಮೇಲೆ ಆ ಬರಿಯ ಹೊಲ ಇಳಿಯುವುದನ್ನು ನೋಡಲಾರದೆ ತಲೆ ತಗ್ಗಿಸಿದೆ. ಅಪ್ಪ ಅಜ್ಜನ ಕಡೆ ಹೊರಳಿದ.

"ಯಪ್ಪಾ, ಇದರಾಗ ಕಡ್ಲಿ ಹಾಕಬೇಕಂತ ಮಾಡೇನಿ. ಯಾವತ್ತ ಹಾಕ್ಲಿ, ಹೇಳು."

ಅಜ್ಜ ಎಲೆಯ ಪಕ್ಕದ ಮಣ್ಣನ್ನು ಬೆರಳಿನಿಂದ ಕೆದಕುತ್ತ ಇದ್ದ.

"ಚಿತ್ತಿ ಮಳಿ ಬರ್ಲಿ. ಬಂದ ಮರದಿನ ನೀಲಿ ಹೋಗಿ ನೋಡಿ ಬರ್ತಾಳ. ಆಕಿ ಹೂಂ ಅಂದ್ರ ಹೂಡು."

ನನಗೆ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಅಪ್ಪ ನನ್ನನ್ನು ನೋಡಿದ. ಒಂದು ಹೊಲದ ಬೀಜ ನನ್ನ ಮಾತಿನಿಂದ ಕಳೆದುಕೊಂಡವನು, ಎಲ್ಲವನ್ನೂ ಎರಡು ಸಲ ಜಗ್ಗಿ ನೋಡುವವನು, ತಾನೂ ಒಮ್ಮೆ ಹೋಗಿ ನೋಡುತ್ತೇನೆ ಎನ್ನುತ್ತಾನೆ ಎಂದು ನಾನು ಕಾಯ್ದೆ.

"ಆತು," ಎಂದ ಅಪ್ಪ.

ಗಂಡಸರು ಬಡಿಸುವ ಮನೆ ನಮ್ಮದಲ್ಲ. ಅಂದು ಅವನು ತನ್ನ ಎಲೆಯ ಮೇಲಿನ ಕಡಬನ್ನು ಮುರಿದು, ಅರ್ಧವನ್ನು ನನ್ನ ಎಲೆಗೆ ಹಾಕಿ, ತಲೆ ಬಗ್ಗಿಸಿ ಉಣ್ಣತೊಡಗಿದ. ಎಲ್ಲರೂ ಉಂಡರು. ನಾನು ಮಾತ್ರ ಆ ಅರ್ಧ ಕಡಬನ್ನು ತಿನ್ನಲೂ ಆಗದೆ ಬಿಡಲೂ ಆಗದೆ, ಚಕ್ಕಡಿ ಹತ್ತಿ ಊರು ಮುಟ್ಟುವ ತನಕ ಕೈಯಲ್ಲೇ ಹಿಡಿದುಕೊಂಡು ಕುಳಿತಿದ್ದೆ.